ಶಾಲೆಯ ಕಲ್ಲಿನಲ್ಲಿ ಬಿಟ್ಟ ಹೆಸರು

ನನಗೆ ಗೋಡೆ ಕಟ್ಟಲು ಬರುವುದಿಲ್ಲ. ರಾಮನಗರದಲ್ಲಿ ಬಿಲ್ಡಿಂಗ್ ಕಂಟ್ರಾಕ್ಟರ್ ಅಂತ ಮೆರೆದವನು ಹೀಗೆ ಹೇಳಬಾರದು, ಆದರೆ ನಿಜ. ಕಟ್ಟುತ್ತಿದ್ದವನು ನನ್ನ ಪಾಲುದಾರ. ನಾನು ಆಫೀಸು ಅಲೆಯುತ್ತಿದ್ದೆ, ಅರ್ಜಿ ಬರೆಯುತ್ತಿದ್ದೆ, ಇಂಜಿನಿಯರುಗಳಿಗೆ ನಮಸ್ಕಾರ ಹೊಡೆಯುತ್ತಿದ್ದೆ.

ಅವನು ಸಿಕ್ಕಿದ್ದು ಕೋಲಾರದ ಚಿನ್ನದ ಗಣಿ ಸೀಮೆಯಲ್ಲಿ. ಗಣಿ ಕೂಲಿಯವರ ಲೈನ್ ಮನೆಗಳ ರಿಪೇರಿ ಹಿಡಿದು ಹೋಗಿದ್ದೆ. ಅಲ್ಲಿ ಅವನು ಗಾರೆ ಮೇಸ್ತ್ರಿ, ಮನೆಮಾತು ತಮಿಳು. ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಮನೆಗಳು ನಡುಗುತ್ತಿದ್ದವು. ಅವನು ಕಟ್ಟಿದ ಗೋಡೆ ಮಾತ್ರ ಬಿರುಕು ಬಿಡುತ್ತಿರಲಿಲ್ಲ. ಅದನ್ನು ನೋಡಿಯೇ ಪಾಲಿಗೆ ಸೇರಿಸಿಕೊಂಡೆ. ಐದಾರು ವರ್ಷ ಅಲ್ಲೇ ದುಡಿದೆವು. ಗಣಿ ಸೊರಗಿ ಕೆಲಸ ಕಡಿಮೆಯಾದಾಗ ಅವನನ್ನು ನಮ್ಮೂರಿಗೆ ಕರೆತಂದೆ. ಹೆಂಡತಿ ಮಗ ಅಲ್ಲೇ ಉಳಿದರು, ಮಗ ತಮಿಳು ಶಾಲೆಯಲ್ಲಿ ಓದಿದ.

ಅವನಿಗೆ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಕಾಗದಪತ್ರ ಏನೇ ಬಂದರೂ ನಾನು ಓದಿ ಹೇಳುತ್ತಿದ್ದೆ, ಅವನು ತಮಿಳಿನಲ್ಲಿ ಸಹಿ ಹಾಕುತ್ತಿದ್ದ. "ನೀನು ಓದಿದ್ಮೇಲೆ ಮುಗೀತಣ್ಣಾ" ಅನ್ನುತ್ತಿದ್ದ.

ಮಾಗಡಿ ರಸ್ತೆಯ ಒಂದು ಹಳ್ಳಿಯಲ್ಲಿ ಶಾಲೆ ಕಟ್ಟಿದೆವು. ಸೈಜುಗಲ್ಲಿನ ಕಟ್ಟಡ. ಊರಿನವರು ಬಂದು ಗೋಡೆ ಸವರಿ, "ಕೋಲಾರದ ಮೇಸ್ತ್ರಿ ಕೈ ಅಂದ್ರೆ ಕೈ ಕಣ್ಲಾ" ಅನ್ನುವರು. ಪಕ್ಕದಲ್ಲೇ ನಿಂತ ನನ್ನನ್ನು ಕೇಳುವವರಿಲ್ಲ. ನನಗೆ ಹೊಟ್ಟೆ ಉರಿಯಿತು. ಅದಕ್ಕೆ ಬೇರೆ ಹೆಸರು ಕೊಡುವ ವಯಸ್ಸು ನನಗೆ ಮುಗಿದಿದೆ.

ಉದ್ಘಾಟನೆಯ ಕಲ್ಲಿಗೆ ಒಕ್ಕಣೆ ಬರೆದುಕೊಟ್ಟವನು ನಾನು. ದೊಡ್ಡವರ ಹೆಸರೆಲ್ಲ ಮುಗಿದ ಮೇಲೆ ಕೊನೆಯ ಸಾಲಿನಲ್ಲಿ 'ಗುತ್ತಿಗೆದಾರರು' ಅಂತ ಹಾಕಿ ನನ್ನ ಹೆಸರು, ಅದರ ಪಕ್ಕ 'ಬಿನ್' ಅಂತ ನಮ್ಮಪ್ಪನ ಹೆಸರು ಬರೆದೆ. "ಒಬ್ರುದೇನಾ ಸಾಮಿ?" ಅಂತ ಕಲ್ಲು ಕೆತ್ತುವವನು ಕೇಳಿದ. ಜಾಗ ಸಾಲದು ಅಂದೆ. ಎರಡು ಸಾಲಿಗಾಗುವಷ್ಟು ಜಾಗ ಖಾಲಿ ಇತ್ತು.

ಆ ಕಲ್ಲನ್ನು ಗೋಡೆಗೆ ಕೂರಿಸಿದವನು ಅವನೇ. ಕೂಲಿಯವರಿಗೆ ಮುಟ್ಟಲೂ ಬಿಡಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, "ಅಣ್ಣಾ, ನನ್ನ ಹೆಸ್ರು ಯಾವ್ದು?" ಎಂದು ಕೇಳಿದ.

"ಕೊನೇ ಸಾಲು. ಮೊದಲ್ನೇದು ನಂದು, ಆಮೇಲಿಂದು ನಿಂದು" ಅಂದೆ. ನಾಲಿಗೆ ತಡವರಿಸಲಿಲ್ಲ. ಓದು ಬರುತ್ತಿದ್ದ ಒಬ್ಬಿಬ್ಬರು ಕೂಲಿಯವರು ನನ್ನ ಮುಖ ನೋಡಿ ಗಾರೆ ಕಲಸಲು ಹೋದರು.

ಆಮೇಲೂ ಕನಕಪುರ, ಬಿಡದಿ ಅಂತ ಎಷ್ಟೋ ವರ್ಷ ಜೊತೆಯಾಗಿ ಕೆಲಸ ಮಾಡಿದೆವು. ಮಾಗಡಿ ಬಸ್ಸಿನಲ್ಲಿ ಆ ಹಳ್ಳಿ ಹತ್ತಿರವಾದರೆ ಅವನು ಕಿಟಕಿಗೆ ಜರುಗುವನು. ನಾನು ನಿದ್ದೆ ಬಂದವನಂತೆ ಕಣ್ಣು ಮುಚ್ಚುವೆ. ಹೇಳಿಬಿಡಬೇಕು ಅಂತ ಬಾಯಿವರೆಗೆ ಬರುತ್ತಿತ್ತು, ಧೈರ್ಯ ಸಾಲುತ್ತಿರಲಿಲ್ಲ.

ಇಬ್ಬರೂ ಕೆಲಸ ಬಿಡುವ ಹೊತ್ತಿಗೆ ಅವನ ಹೆಂಡತಿ ಮಗನೂ ರಾಮನಗರಕ್ಕೇ ಬಂದು ನೆಲೆಸಿದ್ದರು. ಮಗ ಚನ್ನಪಟ್ಟಣದ ಗೊಂಬೆ ಕೆಲಸದವರ ಮನೆಯ ಹುಡುಗಿಯನ್ನು ಮದುವೆಯಾದ. ಅವನ ಮನೆಯಲ್ಲಿ ಕನ್ನಡ ಓದಬಲ್ಲವಳು ಅವಳೇ ಮೊದಲು. ಇನ್ನು ತಡಮಾಡಬಾರದು, ಅವಳು ಓದುವುದಕ್ಕೆ ಮುಂಚೆ ನಾನೇ ಹೇಳಿಬಿಡಬೇಕು ಅಂತ ಒಂದು ಭಾನುವಾರ ಹೊರಟೆ.

ಹೋಗುವಷ್ಟರಲ್ಲಿ ಅವನ ಮುಖ ಅರಳಿತ್ತು. "ಅಣ್ಣಾ, ಸೊಸೆ ನಿನ್ನೆ ಸ್ಕೂಲ್ ನೋಡ್ಕೊಂಡು ಬಂದ್ಲು. ನನ್ನ ಹೆಸ್ರು ಓದಿದ್ಲು! ನಡಿ, ಇಬ್ರೂ ಒಂದು ಫೋಟೋ ತೆಗೆಸ್ಕೊಳ್ಳೋಣ" ಅಂದವನೇ ಶರ್ಟು ಹಾಕಿಕೊಳ್ಳಲು ಒಳಗೆ ಹೋದ.

ಸೊಸೆ ಕಾಫಿ ತಂದಿಟ್ಟಳು. ಒಳಬಾಗಿಲ ಕಡೆ ನೋಡಿ ಮೆಲ್ಲಗೆ ಹೇಳಿದಳು: "ಹೆಸ್ರು ಐತೆ ಅಂತ ಹೇಳಿವ್ನಿ ಕಣಿ ದೊಡ್ಮಾವ. ಈಗ ಬಂದು ನೀವು ಇಲ್ಲ ಅನ್ಬ್ಯಾಡಿ."

ತಪ್ಪೊಪ್ಪಿಕೊಳ್ಳುವ ದಾರಿಯೂ ಮುಚ್ಚಿತು. ಮೂವರೂ ಬಸ್ಸು ಹತ್ತಿ ಹೋದೆವು. ಅವನು ಕಲ್ಲಿನ ಪಕ್ಕ ನಿಂತು, ನಮ್ಮಪ್ಪನ ಹೆಸರಿನ ಮೇಲೆ ಬೆರಳಿಟ್ಟು, ಇನ್ನೊಂದು ಕೈಯನ್ನು ನನ್ನ ಹೆಗಲಿಗೆ ಹಾಕಿದ.

"ಒಸಿ ನಗಿ ದೊಡ್ಮಾವ" ಅಂದಳು ಸೊಸೆ. ನಕ್ಕೆ.