ಪಾತ್ರೆ ತೊಳೆಯುವ ಮಷೀನು ಮತ್ತು ಭಾವನ ಕಿವಿ

ನನ್ನ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಅವರು ಕೆಲಸ ಮಾಡುವ ರಿಪೇರಿ ಅಂಗಡಿಯಲ್ಲಿ ‘ಕಿವಿ ಮೇಸ್ತ್ರಿ’ ಎಂದು ಹೆಸರು ಬಿದ್ದಿದೆ. ಬಟ್ಟೆ ಒಗೆಯುವ ಮಷೀನು, ಪಾತ್ರೆ ತೊಳೆಯುವ ಮಷೀನು, ಫ್ರಿಜ್ಜು, ಕೆಟ್ಟದ್ದು ಯಾವುದೇ ಇರಲಿ, ಅವರು ಮೊದಲೇ ಬಿಚ್ಚುವುದಿಲ್ಲ. ತೋಳುದ್ದದ ಒಂದು ರಬ್ಬರ್ ಪೈಪು ಇಟ್ಟುಕೊಂಡಿದ್ದಾರೆ. ಅದರ ಒಂದು ತುದಿ ಮಷೀನಿನ ಹತ್ತಿರ, ಇನ್ನೊಂದು ತುದಿ ಕಿವಿಯಲ್ಲಿ. ಕಣ್ಣು ಮುಚ್ಚಿ ಕೂತರೆಂದರೆ ಅಕ್ಕಪಕ್ಕದವರು ಕೆಮ್ಮುವ ಹಾಗಿಲ್ಲ. “ಸುಮ್ನಿರಿ, ಕೇಳ್ತಿದೀನಿ” ಎಂದು ಗದರಿಸುತ್ತಾರೆ. ಮಷೀನಿನ ಮಾಲೀಕರಿಗೂ ಅದೇ ಗದರಿಕೆ, ಕಟ್ಟಿಕೊಂಡ ಹೆಂಡತಿಗೂ ಅದೇ. ಮದುವೆಯಾದ ಹೊಸತರಲ್ಲಿ ಅಕ್ಕ ಗಂಡನ ಬಾಯಿಂದ ಕೇಳಿದ ಮಾತುಗಳಲ್ಲಿ ಅರ್ಧ ಇದೇ ಆಗಿತ್ತು.

ಹೀಗಿರುವಾಗ ಅವರ ಮನೆಯ ಪಾತ್ರೆ ತೊಳೆಯುವ ಮಷೀನೇ ಗರಗರ ಅನ್ನತೊಡಗಿತು. ಸೋಪು ತಾಗಿ ಅಕ್ಕನ ಬೆರಳ ಚರ್ಮ ಒಡೆಯಲು ಶುರುವಾದಾಗ, ಯಾರೋ ಮನೆ ಬದಲಾಯಿಸುವಾಗ ಬಿಟ್ಟುಹೋದ ಮಷೀನನ್ನು ತಂದು ಭಾವ ತಾವೇ ಸರಿಮಾಡಿ ಕೂರಿಸಿದ್ದರು. ಅದರ ಬಗ್ಗೆ ಯಾರಾದರೂ ಒಂದು ಮಾತಾಡಿದರೆ ಅವರ ಮುಖ ಊದುತ್ತಿತ್ತು.

“ರೀ, ಮಷೀನು ಸದ್ದು ಮಾಡ್ತಿದೆ, ಸ್ವಲ್ಪ ನೋಡ್ರೀ” ಎಂದಳು ಅಕ್ಕ.

ಭಾವ ಪೈಪು ತಂದು ಮಂಡಿಯೂರಿ ಕೇಳಿದರು. “ಏನೂ ಇಲ್ಲ. ಸೌಟಿನ ಹಿಡಿ ಎಲ್ಲೋ ತಾಗ್ತಿರಬೇಕು. ನೀನು ಪಾತ್ರೆ ತುಂಬೋ ಚೆಂದಕ್ಕೆ ಇನ್ನೇನಾಗುತ್ತೆ.”

ಏನೂ ಇಲ್ಲವಂತೆ. ನಾನಿರುವುದು ಅದೇ ಕಟ್ಟಡದ ಮೇಲಿನ ಮನೆಯಲ್ಲಿ. ಆ ಸದ್ದಿಗೆ ನನಗೆ ಅಲ್ಲಿ ಟಿವಿ ಕೇಳುತ್ತಿರಲಿಲ್ಲ. ನನಗೋ ಬಾಯಿ ಸುಮ್ಮನಿರುವುದಿಲ್ಲ.

“ಭಾವ, ನಿಮ್ಮ ಮಷೀನು ಪಾತ್ರೆ ತೊಳೀತಿದೆಯೋ, ಜಲ್ಲಿ ಅರೀತಿದೆಯೋ?” ಎಂದು ಮೆಟ್ಟಿಲ ಮೇಲಿಂದಲೇ ಕೇಳಿದೆ. ಅವರು ತಿರುಗಿಯೂ ನೋಡದೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ನನ್ನ ಮೈ ಉರಿಯಿತು. ಇಷ್ಟು ಕೊಬ್ಬೇ ಈ ಮನುಷ್ಯನಿಗೆ ಅನ್ನಿಸಿತು.

ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು. “ಬೇಕಂತ ಮಾಡಿದ್ದಲ್ಲ ಕಣೇ. ಅವರಿಗೆ ಕಿವಿ ಕೇಳಿಸ್ತಿಲ್ಲ.”

ಆಮೇಲೆ ಒಂದೊಂದೇ ಹೇಳಿದಳು. ಕರೆಗಂಟೆ ಹೊಡೆದರೆ ಗೊತ್ತಾಗುವುದಿಲ್ಲ. ಎದುರಿಗಿರುವವರ ತುಟಿಯನ್ನೇ ನೋಡುತ್ತಾರೆ. ಇತ್ತೀಚೆಗೆ ಅವರ ದನಿ ಮೆತ್ತಗಾಗಿತ್ತು. ವಯಸ್ಸಾದಂತೆ ಮನುಷ್ಯ ಮೃದುವಾದ ಎಂದು ನಾವು ಖುಷಿಪಟ್ಟಿದ್ದೆವು. ಕಿವಿತಮಟೆಯ ಹತ್ತಿರ ತೊಂದರೆಯಾದ ಕೆಲವರಿಗೆ ತಮ್ಮ ದನಿ ತಮಗೇ ದೊಡ್ಡದಾಗಿ ಕೇಳುತ್ತದಂತೆ, ಅದಕ್ಕೇ ಮೆಲ್ಲಗೆ ಮಾತಾಡುತ್ತಾರಂತೆ. ಅಕ್ಕ ಯಾರನ್ನೋ ಕೇಳಿ ತಿಳಿದುಕೊಂಡಿದ್ದಳು.

ಕಷ್ಟ ಇಷ್ಟಕ್ಕೇ ನಿಂತಿರಲಿಲ್ಲ. ಒಂದು ಹೋಟೆಲಿನ ಮಷೀನಿನಲ್ಲಿ ಚೆನ್ನಾಗಿದ್ದ ಮೋಟಾರನ್ನು ಕೆಟ್ಟಿದೆ ಎಂದು ಬದಲಾಯಿಸಿ ಬಂದಿದ್ದರು. ಸದ್ದು ಹೋಗಲಿಲ್ಲ, ಮಷೀನು ಅಂಗಡಿಗೆ ವಾಪಸ್ ಬಂತು. ಇನ್ನೊಂದು ಹೀಗೆ ಬಂದರೆ ರಿಪೇರಿ ಬಿಟ್ಟು ಕೌಂಟರಿನಲ್ಲಿ ಕೂತುಕೊಳ್ಳಿ ಎಂದು ಅಂಗಡಿಯ ಯಜಮಾನರು ಹೇಳಿದ್ದರಂತೆ. ಆ ಹೊತ್ತು ಭಾವ ಊಟ ಮಾಡಲಿಲ್ಲ.

“ಕೌಂಟರಿನಲ್ಲಿ ಕೂರಿಸಿದ್ರೆ ಆ ಮನುಷ್ಯ ಬದುಕಲ್ಲ” ಎಂದಳು ಅಕ್ಕ.

“ಡಾಕ್ಟರ ಹತ್ರ ಹೋಗಿ ಅಂತ ಹೇಳೋದು ತಾನೆ?”

“ಹೇಳಿದ್ರೆ, ಕಿವಿಗೆ ಏನಾಗಿದೆ, ನಿನ್ನ ಮಾತೇ ಸ್ಪಷ್ಟ ಇಲ್ಲ ಅಂತಾರೆ.” ಅಷ್ಟು ಹೇಳಿ ಅಕ್ಕ ಅತ್ತಳು. ನಾನು ಒಲೆ ಒರೆಸಿದೆ.

ಭಾನುವಾರ ಅಕ್ಕ ಒಂದು ಕೆಲಸ ಮಾಡಿದಳು. ಮಷೀನಿನಿಂದ ಸೌಟು, ಲೋಟ, ತಟ್ಟೆ ಎಲ್ಲ ಹೊರಗೆ ತೆಗೆದು, ಖಾಲಿ ಮಷೀನನ್ನೇ ಓಡಿಸಿ ಭಾವನನ್ನು ಕರೆದಳು. ಈಗ ದೂರಲು ಸೌಟೂ ಇಲ್ಲ, ಪಾತ್ರೆ ತುಂಬಿದವಳೂ ಇಲ್ಲ. ಗರಗರ ಮಾತ್ರ ಇತ್ತು.

ಭಾವ ಪೈಪು ಹಚ್ಚಿದರು. ಬಲಗಿವಿ, ಆಮೇಲೆ ಎಡಗಿವಿ. ಅಂಗೈಯನ್ನು ಬಾಗಿಲ ಮೇಲೆ ಇಟ್ಟರು. ಅದು ನಡುಗುತ್ತಿದ್ದುದು ಕೈಗೆ ಗೊತ್ತಾಗಿರಬೇಕು, ಮುಖ ಸಣ್ಣದಾಯಿತು. ಪೆಟ್ಟಿಗೆಯಿಂದ ಉದ್ದನೆಯ ಸ್ಕ್ರೂಡ್ರೈವರ್ ತೆಗೆದರು. ಅದರ ತುದಿಯನ್ನು ಮಷೀನಿನ ಕೆಳಗಿನ ತಗಡಿಗೆ ಒತ್ತಿ, ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿದರು.

ಹುಡುಗನಾಗಿದ್ದಾಗ ಅವರು ಕೆಲಸ ಕಲಿತದ್ದು ನೂಲಿನ ಮಿಲ್ಲಿನಲ್ಲಂತೆ. ಅಲ್ಲಿನ ಗದ್ದಲದಲ್ಲಿ ಕಿವಿಗೆ ಕೆಲಸವಿಲ್ಲ, ಹಳೆಯ ಮೇಸ್ತ್ರಿ ಹೀಗೆ ಹಲ್ಲಲ್ಲಿ ಕಚ್ಚಿಯೇ ಯಂತ್ರದ ರೋಗ ಹೇಳುತ್ತಿದ್ದನಂತೆ. ಹಲ್ಲು, ದವಡೆಯ ಮೂಳೆಯ ಮೂಲಕ ಸದ್ದು ನೇರ ತಲೆಯೊಳಗೆ ಕೇಳುತ್ತದಂತೆ. ಇದನ್ನು ಭಾವ ಆಮೇಲೆ ಹೇಳಿದರು. ಆಗ ನಮಗೆ ಕಂಡದ್ದು ಅವರ ಕಣ್ಣು ಅಗಲವಾದದ್ದು ಮಾತ್ರ.

ಹಿಡಿ ಬಿಟ್ಟರು, ಮತ್ತೆ ಕಚ್ಚಿದರು. ಬಿಟ್ಟರು, ಕಚ್ಚಿದರು. ಮಷೀನನ್ನು ಪರೀಕ್ಷಿಸಲು ಅಷ್ಟು ಸಲ ಬೇಕಿರಲಿಲ್ಲ. ಕೊನೆಗೆ ಸ್ಕ್ರೂಡ್ರೈವರನ್ನು ತೊಡೆಯ ಮೇಲೆ ಇಟ್ಟುಕೊಂಡು ಅಕ್ಕನ ಮುಖ ನೋಡಿದರು.

“ಸದ್ದು ಇದೆ. ನನ್ನ ಕಿವಿಗೆ ಬೀಳ್ತಿಲ್ಲ ಅಷ್ಟೆ.”

ಅಕ್ಕ ತಲೆಯಾಡಿಸಿದಳು.

“ನೀರು ಹೊರಗೆ ಹೋಗುವಾಗಲೂ ಹೀಗೇ ಅರೆಯುತ್ತಾ?”

“ಇಲ್ಲ. ಒಳಗೆ ನೀರು ಚಿಮ್ಮುವಾಗ ಮಾತ್ರ.”

“ಮೊದಲೇ ಹೇಳ್ಬಾರ್ದಾ?”

“ಎಷ್ಟೋ ಸಲ ಹೇಳಿದೀನಿ” ಎಂದಳು ಅಕ್ಕ, ಒಂದೊಂದೇ ಮಾತು ಬಿಡಿಸಿ, ಅವರ ಮುಖಕ್ಕೆ ನೇರವಾಗಿ.

ಅಲ್ಲಿಂದ ಕೆಲಸ ಸಲೀಸು. ಭಾವ ಪ್ಲಗ್ ಕಿತ್ತು, ತಟ್ಟೆ ಇಡುವ ಕೆಳಗಿನ ಚೌಕಟ್ಟನ್ನು ಹೊರಗೆಳೆದರು. ಫಿಲ್ಟರ್ ತಿರುಗಿಸಿ ತೆಗೆದರು. ತಳದಲ್ಲಿ ನಿಂತಿದ್ದ ನೀರನ್ನು ಸ್ಪಂಜಿನಲ್ಲಿ ಹೀರಿ ಬಕೆಟ್ಟಿಗೆ ಹಿಂಡಿದರು. ನಾನು ಟಾರ್ಚ್ ಹಿಡಿದೆ. ನೀರು ತಳ್ಳುವ ಪಂಪಿನ ಬಾಯಿಯೊಳಗೆ ಉದ್ದ ಮೂತಿಯ ಇಕ್ಕಳ ಹಾಕಿ ತಡಕಾಡಿ, ಒಂದು ಗಾಜಿನ ಚೂರು ಈಚೆ ತಂದರು. ನೀಲಿ ಅಂಚಿನದು. ಹಿಂದೊಮ್ಮೆ ಈ ಮಷೀನಿಗೆ ಪಾತ್ರೆ ತುಂಬುವಾಗ ನಾನೇ ಕೈಜಾರಿಸಿ ಒಡೆದ ಲೋಟದ ಚೂರು ಎಂದು ನೋಡಿದ ಕೂಡಲೇ ಗೊತ್ತಾಯಿತು. ಟಾರ್ಚನ್ನು ಸ್ವಲ್ಪ ಬೇರೆ ಕಡೆ ತಿರುಗಿಸಿದೆ.

ಫಿಲ್ಟರನ್ನು ಮತ್ತೆ ಕೂರಿಸುತ್ತಾ ಭಾವ, ತಲೆ ಎತ್ತದೆ, “ನಾಳೆ ಕಿವಿ ಡಾಕ್ಟರ ಹತ್ರ ಹೋಗೋಣ. ನೀನೂ ಬಾ. ಅವರು ಹೇಳಿದ್ದು ನನಗೆ ಕೇಳಿಸ್ದಿದ್ರೆ ಕಷ್ಟ” ಎಂದರು. ಫಿಲ್ಟರ್ ಬಿಗಿಮಾಡಿ, “ಯಜಮಾನರಿಗೂ ನಾನೇ ಹೇಳ್ತೀನಿ. ಕೌಂಟರಿಗೆ ಹಾಕಿದ್ರೆ ಹಾಕ್ಲಿ” ಎಂದರು. ಅಕ್ಕ ಅವರ ಬೆನ್ನ ಮೇಲೆ ಕೈಯಿಟ್ಟಳು.

ಪ್ಲಗ್ ಹಾಕಿ ಮಷೀನು ಓಡಿಸಿದರು. ನೀರು ತುಂಬಿಕೊಂಡು ಚಿಮ್ಮಲು ಶುರುವಾಯಿತು. ಅಭ್ಯಾಸಬಲದಿಂದ ಭಾವನ ಕೈ ಪೈಪಿನ ಕಡೆ ಹೋಯಿತು. ಸ್ಕ್ರೂಡ್ರೈವರನ್ನು ಇನ್ನೊಂದು ಸಲ ಕಚ್ಚಿದರೆ ಅವರಿಗೇ ತಿಳಿಯುತ್ತಿತ್ತು. ಅವರು ಎರಡನ್ನೂ ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಿ ಅಕ್ಕನ ಕಡೆ ತಿರುಗಿದರು.

“ಸದ್ದು ಹೋಯ್ತಾ? ನೀನು ಹೇಳು.”

ಮಷೀನಿನ ವಿಷಯದಲ್ಲಿ ಅವರು ಇನ್ನೊಬ್ಬರನ್ನು ಕೇಳಿದ್ದನ್ನು ನಾನು ಕಂಡೇ ಇರಲಿಲ್ಲ. ಹೋಯ್ತು ಭಾವ ಎನ್ನಲು ಬಾಯಿ ತೆರೆದೆ. ಅಕ್ಕ ಕೈಯೆತ್ತಿ ನನ್ನನ್ನು ತಡೆದಳು. ಮಷೀನಿನ ಮುಂದೆ ಮಂಡಿಯೂರಿ, ಬಾಗಿಲಿಗೆ ಕಿವಿ ಆನಿಸಿದಳು. ಆಮೇಲೆ ಮುಖವನ್ನು ಗಂಡನ ಕಡೆ ಎತ್ತಿ, ತುಟಿ ಚೆನ್ನಾಗಿ ಕಾಣುವ ಹಾಗೆ ಹೇಳಿದಳು:

“ಸುಮ್ನಿರಿ, ಕೇಳ್ತಿದೀನಿ.”

ಭಾವ ಸುಮ್ಮನೆ ನಿಂತರು.