ಹಿಮನದಿ ಎಲ್ಲಿತ್ತು?

‘ಕಾರ್ ನಿಲ್ಸಿ ಸ್ವಲ್ಪ ನಡೆದ್ರೆ ಐಸು ಕಣೇ. ಚಪ್ಪಲೀಲೇ ಹೋಗಿದ್ವಿ.’

ಫ್ಲ್ಯಾಟ್ ಬುಷ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯ ಶೈಲಜಾ ಆಂಟಿ ದಾರಿಯುದ್ದಕ್ಕೂ ಇದನ್ನೇ ಹೇಳಿದರು. ಮದುವೆಯಾದ ಹೊಸತರಲ್ಲಿ ಅಂಕಲ್ ಜೊತೆ ಸೌತ್ ಐಲ್ಯಾಂಡಿನ ಈ ಹಿಮನದಿಗೆ ಬಂದಿದ್ದರಂತೆ. ಅಂಕಲ್ ಈಗಿಲ್ಲ. ಅವರು ಅಂಗೈ ಊರಿ ನಿಂತಿದ್ದ ಐಸನ್ನು ತಾನೂ ಒಮ್ಮೆ ಮುಟ್ಟಬೇಕು, ಅಷ್ಟೇ ಆಂಟಿಯ ಆಸೆ.

(ಹಿಮನದಿ ಕರಗಿ ಬಹಳ ಹಿಂದೆ ಸರಿದಿರುವುದು ನನಗೆ ಗೊತ್ತಿತ್ತು. ಆಂಟಿಗೆ ಹೇಗೆ ಹೇಳುವುದು?)

ಕಾರಿಳಿದರೆ ಬರೀ ಕಲ್ಲು, ಜಲ್ಲಿ, ಬೂದುಬಣ್ಣದ ಹೊಳೆ. ಐಸಿನ ಮೇಲೆ ಕಾಲಿಡಲು ಈಗ ಹೆಲಿಕಾಪ್ಟರೇ ಬೇಕು. ಅವತ್ತು ಮೋಡ, ಅದೂ ಹಾರಲಿಲ್ಲ.

ನಮಗೆ ಸಿಕ್ಕ ಗೈಡ್ ಮಾರ್ಗರೆಟ್. ಮೊದಲೆಲ್ಲ ದಿನಾ ಬೆಳಿಗ್ಗೆ ಕೊಡಲಿ ಹಿಡಿದು ಐಸಿನಲ್ಲಿ ಮೆಟ್ಟಿಲು ಕಡಿಯುವುದು ಆಕೆಯ ಕೆಲಸ. ಸಂಜೆಗೆ ಕರಗುತ್ತಿದ್ದವು, ಮರುದಿನ ಮತ್ತೆ ಕಡಿಯಬೇಕು. ಈಗ ಕಾಡಿನ ವಾಕ್‌ಗೆ ಜನರನ್ನು ಕರೆದೊಯ್ಯುತ್ತಾಳೆ. ಗಂಡ ಮೋಟೆಲ್ ನೋಡಿಕೊಳ್ಳುತ್ತಾನೆ.

‘ಬೇಜಾರಾಗಲ್ವಾ?’ ಎಂದೆ.

‘ಜರೀಗಿಡಗಳು ಚೆನ್ನಾಗೇ ಇವೆ’ ಎಂದಳು. ‘ಐಸಿನ ಹಾಗೆ ಓಡಿಹೋಗಲ್ಲ ಪಾಪ. ಆದ್ರೆ ಕೈಗೆ ಕೊಡಲಿ ಬೇಕು ಅನ್ಸುತ್ತೆ.’

ಆಂಟಿ ಫೋನಿನಲ್ಲಿದ್ದ ಹಳೇ ಫೋಟೊ ತೋರಿಸಿದರು. ನೀಲಿ ಐಸಿನ ಗೋಡೆ, ಅದರ ಮೇಲೆ ಅಂಕಲ್ ಅಂಗೈ. ಮಾರ್ಗರೆಟ್ ಹಿನ್ನೆಲೆಯ ಬಂಡೆಯನ್ನು ದೊಡ್ಡದು ಮಾಡಿ ನೋಡಿದಳು. ಕಣಿವೆಯನ್ನು ನೋಡಿದಳು. ನಮ್ಮನ್ನು ಹೊಳೆದಂಡೆಯಲ್ಲಿ ತುಸು ಮುಂದಕ್ಕೆ ಕರೆದೊಯ್ದಳು.

‘ಸುಮಾರು ಇಲ್ಲೇ.’

ಅಲ್ಲಿ ಏನೂ ಇರಲಿಲ್ಲ. ಹೊಳೆಯ ಮೇಲಿಂದ ಗಾಳಿ ಬೀಸುತ್ತಿತ್ತು. ಆಂಟಿ ಗ್ಲೌಸ್ ಬಿಚ್ಚಿ, ಭುಜದೆತ್ತರಕ್ಕೆ ಕೈ ಚಾಚಿ, ಅಂಗೈ ಅಗಲಿಸಿದರು. ಮಾರ್ಗರೆಟ್ ಅವರ ಮೊಣಕೈ ಹಿಡಿದು ಸ್ವಲ್ಪ ಎಡಕ್ಕೆ ಸರಿಸಿದಳು.

ಬಹಳ ಹೊತ್ತು ಹಾಗೇ ನಿಂತರು. ನಾನು ಫೋಟೊ ತೆಗೆಯಲಿಲ್ಲ.

‘ತಣ್ಣಗಿದೆ ಕಣೇ’ ಎಂದರು ಆಂಟಿ.

ಕಾರಿನಲ್ಲಿ ನಾನು ಯೋಚಿಸುತ್ತಿದ್ದುದು ಹಿಮನದಿಯ ಬಗ್ಗೆ ಅಲ್ಲ. ಇದ್ದದ್ದು ಇಲ್ಲವಾದ ಮೇಲೆ ಅದು ಎಲ್ಲಿತ್ತು ಎಂದು ಕೈ ಹಿಡಿದು ತೋರಿಸುವವರು ನಮ್ಮಲ್ಲಿ ಎಷ್ಟು ಜನರಿಗಿದ್ದಾರೆ?