ಬೀಗರ ಮನಿ ಬಿಳೇ ಚಾದರ

ದೋಸ್ತರ, ಇವತ್ತ ತಂಗೀನ ಕೊಡೂ ಮನಿ ನೋಡಾಕ ಸಿಂದಗಿಯಿಂದ ಬಾಗೇವಾಡಿಗೆ ಹೋಗಿದ್ವಿ. ಬಸ್ಸಿನಾಗ ದಾರಿ ತುಂಬಾ ತಮ್ಮಗ ಬೈದೆ. "ಸಂತ್ಯಾಗಿನ ಐನೂರ ರೂಪಾಯಿ ಜೀನ್ಸ್ ಹಾಕ್ಕೊಂಡ ಬಂದೀಯಲ್ಲೋ, ಮರ್ಯಾದಿ ಬೇಡೇನ? ನಂದ ನೋಡು, ಹೊಸಾದು, ನಾಕ ಸಾವಿರದ್ದು!"

ಬೀಗರು ಬಿಳೇ ಚಾದರ ಹಾಸಿದ ಗಾದಿ ಮ್ಯಾಲ ನಮ್ಮನ್ನ ಕೂಡ್ಸಿದ್ರು. ಅವಲಕ್ಕಿ ತಿಂದು ಇಬ್ಬರೂ ಕೈ ತೊಳ್ಯಾಕ ಎದ್ವಿ. ನಾ ಕುಂತಲ್ಲಿ ಚಾದರಕ್ಕ ದೊಡ್ಡ ನೀಲಿ ಬಣ್ಣದ ಕಲಿ!

"ಯಾರ ಪ್ಯಾಂಟ್ ಬಣ್ಣ ಬಿಡಾಕತ್ತೈತಿ?" ಅಂದ್ರು ಆ ಮನಿ ಹಿರೇ ಆಯಿ.

ನಾ ಅಂಗಿ ಕೆಳಗ ಜಗ್ಗಿ ಪ್ಯಾಂಟ್ ಮುಚ್ಕೊಂಡೆ.

"ನಂದರಿ ಆಯಿ, ಸಂತಿ ಮಾಲ್ ನೋಡ್ರಿ," ಅಂದ ತಮ್ಮ.

ಎಲ್ಲಾರೂ ನಕ್ಕರು. ನಾನೂ ನಕ್ಕೆ.

ಅವನ ಜೀನ್ಸ್ ತೊಳದು ತೊಳದು ಬೆಳ್ಳಗಾಗೇತಿ, ಬಿಡಾಕ ಬಣ್ಣನ ಉಳದಿಲ್ಲ. ಆಯಿಗೆ ಕಣ್ಣ ಚೊಲೋ ಕಾಣ್ತಾವ.